ಹಾವಿನ ಕಡಿತಕ್ಕೆ ರಾತ್ರಿ ಡ್ಯೂಟಿ ಯಾರದು? ಚಿತ್ರದುರ್ಗ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯ್ತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ ಹಾಗೂ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ನಮಸ್ಕಾರಗಳು.

ವಿಷಯ: ಮಳೆಗಾಲ ಹಿಡಿಯುವ ಮುಂಚೆ ಹಾವು ಕಡಿತದ ಸಾವು ತಡೆಯಲು ಆಗಬೇಕಾದ ಕೆಲಸಗಳು.

ಹಾವು ಕಡಿದು ಸತ್ತವರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿಗೆ ಮುಗಿದುಹೋಗುತ್ತದೆ. ‘ರಾತ್ರಿ ಜಮೀನಿಗೆ ನೀರು ಹಾಯಿಸಲು ಹೋಗಿದ್ದಾಗ’, ‘ಮನೆಯಲ್ಲಿ ಮಲಗಿದ್ದಾಗ’, ‘ಶೇಂಗಾ ಗುಡ್ಡೆ ಎತ್ತುವಾಗ’. ಆ ನಾಲ್ಕು ಸಾಲಿನೊಳಗೇ ಕಾರಣವೂ ಇದೆ, ಪರಿಹಾರವೂ ಇದೆ. ಈ ಮೂರರಲ್ಲಿ ಎರಡು ನಡೆಯುವುದು ಕತ್ತಲಲ್ಲಿ. ಕರೆಂಟು ಬರುವುದು ಕತ್ತಲಲ್ಲಿ, ಹಾವು ಓಡಾಡುವುದು ಕತ್ತಲಲ್ಲಿ, ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲು ತೆಗೆದಿರುವುದು ಹಗಲಲ್ಲಿ. ನಾವು ಹೇಳಬೇಕಾದ ಮಾತು ಇದೊಂದೇ. ಉಳಿದದ್ದೆಲ್ಲ ಇದರ ವಿವರ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ದೇಶದಲ್ಲಿ ಆ ಕೆಲಸ ಮೊದಲು ಮಾಡಿದ್ದು ನಮ್ಮ ರಾಜ್ಯವೇ. ಮರುತಿಂಗಳು ಕೇಂದ್ರ ಸರ್ಕಾರ 2030ರೊಳಗೆ ಹಾವು ಕಡಿತದ ಸಾವನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಯೋಜನೆ ಹೊರಡಿಸಿತು. 2000ರಿಂದ 2019ರವರೆಗಿನ ಸಾವುಗಳನ್ನು ಲೆಕ್ಕ ಹಾಕಿದ ಅಧ್ಯಯನ, ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸಾಯುತ್ತಾರೆ ಎಂದಿತು. ಸತ್ತವರಲ್ಲಿ ಬಹುಪಾಲು ಹಳ್ಳಿಯವರು, ಬಹುಪಾಲು ಸಾವು ಆಸ್ಪತ್ರೆಯ ಹೊರಗೆ. ಆದೇಶ ಇದೆ, ಯೋಜನೆ ಇದೆ. ಅವು ಚಳ್ಳಕೆರೆಯ ಹೊಲಕ್ಕೂ ಮೊಳಕಾಲ್ಮೂರಿನ ಹಟ್ಟಿಗೂ ರಾತ್ರಿ ಎರಡು ಗಂಟೆಗೆ ತಲುಪಬೇಕು.

ಮೊದಲು ಹಾವುಗಳ ಬಗ್ಗೆ. ನಮ್ಮ ಜಿಲ್ಲೆಯಲ್ಲಿ ಜೀವ ತೆಗೆಯುವಷ್ಟು ವಿಷವಿದ್ದು ಮನುಷ್ಯರ ನಡುವೆ ಓಡಾಡುವ ಹಾವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಗರಗಸ ಮಂಡಲವನ್ನು ಉರಿಮಂಡಲ ಅಂತಲೂ ಕರೆಯುತ್ತಾರೆ. ಉಳಿದ ಕೇರೆ, ನೀರುಹಾವು, ತೋಳಹಾವು, ಮಣ್ಣುಮುಕ್ಕ ಯಾವುದರಿಂದಲೂ ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಗುರುತು ತಪ್ಪುವುದು ಸುಲಭ. ತೋಳಹಾವಿನ ಮೈಮೇಲೂ ಬಿಳಿ ಪಟ್ಟಿ, ಕಟ್ಟುಹಾವಿನ ಮೈಮೇಲೂ ಬಿಳಿ ಪಟ್ಟಿ. ಕಟ್ಟುಹಾವಿನಲ್ಲಿ ಪಟ್ಟಿಗಳು ಕತ್ತಿನ ಬಳಿ ಮಾಸಿದಂತಿದ್ದು ಬಾಲದ ಕಡೆಗೆ ಎದ್ದು ಕಾಣುತ್ತವೆ, ಹೆಚ್ಚಾಗಿ ಎರಡೆರಡು ಜೋಡಿಯಾಗಿರುತ್ತವೆ. ತೋಳಹಾವಿನಲ್ಲಿ ಕತ್ತಿನ ಬಳಿಯೇ ಸ್ಪಷ್ಟ, ಬಾಲಕ್ಕೆ ಹೋಗುತ್ತ ಮಾಸುತ್ತವೆ. ಕೊಳಕುಮಂಡಲದ ಬೆನ್ನ ಮೇಲೆ ಸರಪಳಿಯ ಕೊಂಡಿಯಂಥ ಕಂದು ಮಚ್ಚೆಗಳ ಮೂರು ಸಾಲು. ಅದನ್ನು ಹೆಬ್ಬಾವಿನ ಮರಿ ಎಂದುಕೊಂಡು ಬರಿಗೈಲಿ ಎತ್ತುವವರು ಇದ್ದಾರೆ, ಮಣ್ಣುಮುಕ್ಕವನ್ನು ಕೊಳಕುಮಂಡಲ ಎಂದು ಬಡಿದು ಕೊಲ್ಲುವವರೂ ಇದ್ದಾರೆ. ಈ ವ್ಯತ್ಯಾಸಗಳನ್ನು ಬರೆದದ್ದು ಗುರುತು ಹಿಡಿಯುವುದು ಎಷ್ಟು ಕಷ್ಟ ಎಂದು ತೋರಿಸಲಿಕ್ಕೆ. ಹೀಗಾಗಿ ಜನರಿಗೆ ಹೇಳಬೇಕಾದ್ದು ಇಷ್ಟು ಸಾಕು: ಯಾವ ಹಾವನ್ನೂ ಮುಟ್ಟಬೇಡಿ, ಯಾವ ಹಾವು ಕಡಿದರೂ ಆಸ್ಪತ್ರೆಗೆ ಬನ್ನಿ.

ಒಂದೊಂದು ಹಾವಿಗೂ ಅದರದೇ ಜಾಗ, ಅದರದೇ ಹೊತ್ತು. ಗರಗಸ ಮಂಡಲ ಒಂದೂವರೆ ಅಡಿಯ ಸಣ್ಣ ಹಾವು, ಬೋಳು ಗುಡ್ಡ, ಕಲ್ಲುಗಟ್ಟು, ಕಾವಲು ಭೂಮಿಯದು. ಹಗಲು ಕಲ್ಲಡಿ, ಕತ್ತಾಳೆ ಬುಡದಲ್ಲಿದ್ದು ಸಂಜೆಯ ಮೇಲೆ ಹೊರಡುತ್ತದೆ. ಕೆಣಕಿದರೆ ಮೈಯನ್ನು ಸುರುಳಿ ಸುತ್ತಿ ಪಕ್ಕದ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದ ಸದ್ದು ಹೊರಡಿಸುತ್ತದೆ. ಕೊಳಕುಮಂಡಲ ಮೆಕ್ಕೆಜೋಳದ ಹೊಲ, ಅಡಿಕೆ ತೋಟದ ಸೋಗೆ ರಾಶಿ, ಬೇಲಿಸಾಲು, ಬದುವಿನ ಹುಲ್ಲಿನಲ್ಲಿ ಇಲಿ ಹುಡುಕಿಕೊಂಡಿರುತ್ತದೆ. ಮನುಷ್ಯರು ಬಂದರೆ ಓಡಿಹೋಗುವ ಸ್ವಭಾವ ಅದಕ್ಕಿಲ್ಲ. ಬಣ್ಣ ಒಣಗಿದ ಎಲೆಯ ಜೊತೆ ಬೆರೆತುಹೋಗುವುದರಿಂದ ಬಿದ್ದಲ್ಲೇ ಬಿದ್ದಿರುತ್ತದೆ, ಕಾಲು ಪಕ್ಕಕ್ಕೆ ಬಂದಾಗ ಕುಕ್ಕರ್ ಸೀಟಿಯಂತೆ ಬುಸುಗುಡುತ್ತದೆ. ಮೇ ತಿಂಗಳಿಂದ ಜುಲೈವರೆಗೆ ಮರಿ ಹಾಕುತ್ತದೆ, ಒಂದೇ ಸೂಲಿಗೆ ಇಪ್ಪತ್ತು, ಮೂವತ್ತು. ಮರಿಯೂ ಹುಟ್ಟಿದ ದಿನದಿಂದ ವಿಷ ಹೊತ್ತೇ ಇರುತ್ತದೆ. ನಮ್ಮ ಬಿತ್ತನೆಯೂ ಆ ತಿಂಗಳುಗಳಲ್ಲೇ. ನಾಗರಹಾವು ಇಲಿ ಇರುವ ಕಡೆ ಬರುತ್ತದೆ: ಕಣಜ, ತೆನೆ ರಾಶಿ, ಹಳೇ ಮಣ್ಣಿನ ಗೋಡೆ. ಕಟ್ಟುಹಾವು ಹಗಲೆಲ್ಲ ಮುದುಡಿಕೊಂಡು ಬಿದ್ದಿದ್ದು ನಡುರಾತ್ರಿಯಿಂದ ಕೋಳಿ ಕೂಗುವವರೆಗೆ ಮನೆ ಒಳಗೂ ಓಡಾಡುತ್ತದೆ.

ಈಗ ರಾತ್ರಿಯ ಕರೆಂಟಿನ ವಿಷಯ. ಬೋರ್‌ವೆಲ್ ನೀರನ್ನೇ ನಂಬಿದ ಜಿಲ್ಲೆ ಇದು. ಪಂಪ್‌ಸೆಟ್ಟಿಗೆ ಕೊಡುವ ಏಳು ಗಂಟೆಯ ತ್ರೀ ಫೇಸ್ ಕರೆಂಟನ್ನು ಪಾಳಿ ಮೇಲೆ ಹಂಚಿದಾಗ ಯಾವುದೋ ಒಂದು ಫೀಡರಿನ, ಅಂದರೆ ಕರೆಂಟು ಹಂಚುವ ಲೈನಿನ, ಪಾಲು ರಾತ್ರಿಗೆ ಬೀಳುತ್ತದೆ. ಕರೆಂಟು ಬಂದ ಕೂಡಲೇ ರೈತ ಹಾಸಿಗೆ ಬಿಟ್ಟೆದ್ದು ಸ್ಟಾರ್ಟರ್ ಪೆಟ್ಟಿಗೆ ಇರುವ ಕಡೆ ಹೊರಡುತ್ತಾನೆ. ಬದುವಿನ ಮೇಲೆ ಹೆಜ್ಜೆ, ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಮೊಬೈಲ್ ಬೆಳಕು. ಮಡಿಯಿಂದ ಮಡಿಗೆ ನೀರು ತಿರುವಲು ಬಗ್ಗಿ ಕೈಯಿಂದಲೇ ಮಣ್ಣು ಎತ್ತಿ ಒಡ್ಡುತ್ತಾನೆ. ನೀರು ಹರಿದ ಕಡೆ ಕಪ್ಪೆ, ಬಿಲದಿಂದ ಮೇಲೆ ಬಂದ ಇಲಿ, ಅವುಗಳ ಹಿಂದೆ ಹಾವು. ಅಲ್ಲಿ ಕಡಿತ ಆಗುವುದರಲ್ಲಿ ಆಶ್ಚರ್ಯವೇನಿಲ್ಲ.

ಪಂಪ್‌ಸೆಟ್ಟಿಗೆ ಹಗಲು ಹೊತ್ತು ಕರೆಂಟು ಕೊಡುವುದನ್ನು ರೈತ ಸಂಘಗಳು ಬಹಳ ವರ್ಷಗಳಿಂದ ಕೇಳುತ್ತಿವೆ. ಅದನ್ನು ನಿದ್ದೆ, ಅನುಕೂಲದ ಬೇಡಿಕೆ ಎಂದಷ್ಟೇ ನೋಡಬೇಡಿ, ಅದು ಆರೋಗ್ಯ ಇಲಾಖೆಯ ಬೇಡಿಕೆಯೂ ಆಗಬೇಕು. ಸೌರಶಕ್ತಿಯಿಂದ ಕೃಷಿ ಫೀಡರ್ ನಡೆಸುವ ಕುಸುಮ್ ಯೋಜನೆ ಬಂದಿರುವುದೇ ಹಗಲು ವಿದ್ಯುತ್ ಕೊಡಲಿಕ್ಕೆ. ಯಾವ ಫೀಡರ್ ಮೊದಲು ಎಂದು ತೀರ್ಮಾನಿಸುವಾಗ ಹಾವು ಕಡಿತದ ವರದಿ ಹೆಚ್ಚಿರುವ ಹೋಬಳಿಗಳನ್ನು ಮುಂದಕ್ಕೆ ತನ್ನಿ. ಅದು ಆಗುವವರೆಗೆ, ಜೂನ್‌ನಿಂದ ನವೆಂಬರ್‌ವರೆಗಾದರೂ ರಾತ್ರಿ ಹನ್ನೊಂದರಿಂದ ಬೆಳಗಿನ ಐದರ ನಡುವೆ ನೀರಾವರಿ ಪಾಳಿ ಬೀಳದಂತೆ ವಿದ್ಯುತ್ ಕಂಪನಿಯವರ ಜೊತೆ ಕೂತು ಮಾತಾಡಿ.

ಹೋಗಲೇಬೇಕಾದ ರೈತನಿಗೆ ಬೇಕಾದ ಸಾಮಾನು ದೊಡ್ಡದೇನಲ್ಲ. ಮೊಣಕಾಲಿನ ಕೆಳಗಿನವರೆಗೆ ಬರುವ ರಬ್ಬರ್ ಗಂಬೂಟು, ಹಣೆಗೆ ಕಟ್ಟುವ ಬ್ಯಾಟರಿ, ಆರಡಿ ಕೋಲು. ಹೊಲದಲ್ಲಿ ಆಗುವ ಕಡಿತ ಹೆಚ್ಚಾಗಿ ಪಾದ, ಹಿಮ್ಮಡಿ, ಗಿಣ್ಣಿನ ಸುತ್ತ, ಗಂಬೂಟು ಮುಚ್ಚುವುದು ಅದೇ ಜಾಗ. ಹಣೆಗೆ ಕಟ್ಟುವ ಬ್ಯಾಟರಿ ಏಕೆಂದರೆ ಕೈ ಎರಡೂ ಸಲಿಕೆ ಮೇಲಿರುತ್ತದೆ. ಮೊಬೈಲನ್ನು ಜೇಬಿಗಿಟ್ಟು ಬಗ್ಗುವ ಆ ಅರ್ಧ ನಿಮಿಷದಲ್ಲೇ ಕೈಗೆ ಕಡಿತ ಆಗುವುದು. ರೈತ ಸಂಪರ್ಕ ಕೇಂದ್ರದಲ್ಲಿ ಸ್ಪ್ರೇಯರ್, ಟಾರ್ಪಾಲು ಸಬ್ಸಿಡಿಯಲ್ಲಿ ಕೊಡುವ ಹಾಗೆಯೇ ಗಂಬೂಟನ್ನೂ ಹೆಡ್ ಬ್ಯಾಟರಿಯನ್ನೂ ಕೊಡಿ. ಕಿತ್ತ ಶೇಂಗಾ ಗಿಡವನ್ನು ಹೊಲದಲ್ಲೇ ಗುಡ್ಡೆ ಹಾಕಿ ಬಿಟ್ಟು ಮಾರನೇ ದಿನ ತಬ್ಬಿ ಎತ್ತುವ ಪದ್ಧತಿ ಚಳ್ಳಕೆರೆ ಕಡೆ ಎಲ್ಲೆಲ್ಲೂ ಇದೆ. ರಾತ್ರಿಯ ತಂಪಿಗೆ ಗುಡ್ಡೆಯ ಅಡಿ ಬೆಚ್ಚಗಿರುತ್ತದೆ, ಹಾವು ಅಲ್ಲಿ ಸೇರಿಕೊಳ್ಳುತ್ತದೆ. ಕೋಲಿನಿಂದ ಗುಡ್ಡೆಯನ್ನು ಒಮ್ಮೆ ಉರುಳಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಆಮೇಲೆ ತಬ್ಬಬೇಕು. ಮೆಕ್ಕೆಜೋಳದ ಸಪ್ಪೆಗೂ ಇದೇ ಮಾತು. ಕೂಲಿಗೆ ಬರುವ ಹೆಣ್ಣುಮಕ್ಕಳೇ ಈ ಕೆಲಸ ಹೆಚ್ಚು ಮಾಡುವುದರಿಂದ ಇದನ್ನು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಹೇಳಿದರೆ ತಲುಪುತ್ತದೆ, ಬ್ಯಾನರ್ ಕಟ್ಟಿದರೆ ತಲುಪುವುದಿಲ್ಲ.

ಹೊಲದಿಂದ ಹಾಸಿಗೆಗೆ ಬರೋಣ. ಕಟ್ಟುಹಾವಿನ ಕಡಿತ ಆಗುವುದು ಹೆಚ್ಚಾಗಿ ನೆಲದ ಮೇಲೆ ಮಲಗಿ ನಿದ್ದೆ ಹೋದವರಿಗೆ. ಅದರ ಹಲ್ಲು ಗಿಡ್ಡ. ಕಡಿದದ್ದು ಗೊತ್ತೇ ಆಗದೆ ಹೋಗಬಹುದು, ಸೊಳ್ಳೆ ಕಚ್ಚಿದಷ್ಟೂ ಉರಿ ಇರುವುದಿಲ್ಲ, ಊತ ಇರುವುದಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆ ಹಿಂಡಿದಂತೆ ನೋವು, ವಾಂತಿ. ಮನೆಯವರು ಗ್ಯಾಸ್ಟ್ರಿಕ್ ಎಂದು ಜೀರಿಗೆ ನೀರು ಕೊಡುತ್ತಾರೆ. ಆಮೇಲೆ ಕಣ್ಣಿನ ರೆಪ್ಪೆ ಎತ್ತಲು ಆಗುವುದಿಲ್ಲ, ಮಾತು ತೊದಲುತ್ತದೆ, ಎಂಜಲು ನುಂಗಲು ಆಗುವುದಿಲ್ಲ, ಕತ್ತು ನಿಲ್ಲುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ನೆಲದಲ್ಲಿ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವು ಎಂದು ಬಂದರೆ, ರೆಪ್ಪೆ ಜೋಲುತ್ತಿದ್ದರೆ, ಹಾವು ನೋಡಿಲ್ಲ ಎಂದರೂ ಕಟ್ಟುಹಾವಿನ ಕಡಿತ ಎಂದೇ ಅನುಮಾನಿಸಬೇಕು. ಪ್ರತಿ ಆರೋಗ್ಯ ಕೇಂದ್ರದ ವೈದ್ಯರಿಗೂ ನರ್ಸ್‌ಗಳಿಗೂ ಆಶಾ ಕಾರ್ಯಕರ್ತೆಯರಿಗೂ ಈ ಒಂದು ವಾಕ್ಯ ಬಾಯಿಪಾಠ ಆಗಬೇಕು.

ಇದಕ್ಕೆ ತಡೆ ಎರಡೇ ಸಾಮಾನು: ಒಂದೂವರೆ ಅಡಿ ಎತ್ತರದ ಮಂಚ, ಒಂದು ಸೊಳ್ಳೆ ಪರದೆ. ಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಬೇಕು, ಇಳಿಬಿಟ್ಟ ಪರದೆ ಹಾವನ್ನು ತಡೆಯುವುದಿಲ್ಲ. ಹೊದಿಕೆ ನೆಲಕ್ಕೆ ತಾಗಬಾರದು. ಮಂಚಕ್ಕೆ ಗತಿಯಿಲ್ಲದ ಮನೆಯಲ್ಲಿ ನೆಲದ ಹಾಸಿಗೆಗೇ ಪರದೆ ಕಟ್ಟಿ ನಾಲ್ಕೂ ಕಡೆ ಚಾಪೆಯ ಅಡಿಗೆ ಮಡಚಿದರೂ ಕೆಲಸಕ್ಕೆ ಬರುತ್ತದೆ. ಸೆಕೆಗಾಲದಲ್ಲಿ ಅಂಗಳ, ಜಗುಲಿಯಲ್ಲಿ ಮಲಗುವವರು, ಕಣ ಕಾಯುವವರು, ಕುರಿ ಹಟ್ಟಿಯಲ್ಲಿ ಮಲಗುವವರು, ಇಟ್ಟಿಗೆ ಗೂಡಿನ ಕೂಲಿಯವರು ಈ ಪರದೆ ಮೊದಲು ಸಿಗಬೇಕಾದ ಜನ. ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಇವತ್ತಿಗೂ ಮುಟ್ಟಾದ ಹೆಣ್ಣುಮಕ್ಕಳನ್ನು, ಹಸುಗೂಸಿನ ಜೊತೆ ಬಾಣಂತಿಯನ್ನು ಊರಾಚೆ ಗುಡಿಸಲಲ್ಲಿ ನೆಲದ ಮೇಲೆ ಮಲಗಿಸುತ್ತಾರೆ. ಆ ಗುಡಿಸಲು ಇರಲೇಬಾರದು, ಅದನ್ನು ಬಿಡಿಸುವ ಕೆಲಸ ನಿಲ್ಲಬಾರದು. ಆದರೆ ಅದು ಬಿಟ್ಟುಹೋಗುವ ದಿನದವರೆಗೆ ಅಲ್ಲಿ ಮಲಗುವ ಹೆಣ್ಣುಮಗಳಿಗೆ ಇವತ್ತು ರಾತ್ರಿ ಮಂಚ, ಪರದೆ, ದೀಪ ಇರಬೇಕು. ಆ ಹಟ್ಟಿಗಳ ಪಟ್ಟಿ ನಿಮ್ಮ ಅಂಗನವಾಡಿ ಕಾರ್ಯಕರ್ತೆಯರ ಬಳಿ ಇದೆ.

ಮನೆಯ ಸುತ್ತಲಿನದನ್ನು ಬೇಗ ಹೇಳಿಬಿಡುತ್ತೇವೆ. ಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಯಿರಿ, ಕಿರುಬೆರಳು ತೂರುವ ಜಾಗದಲ್ಲಿ ಹಾವಿನ ಮರಿಯೂ ತೂರುತ್ತದೆ. ಬಚ್ಚಲ ತೂಬಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ. ಸೌದೆ, ಕುರುಳು, ಹೆಂಚು, ಸೈಜುಗಲ್ಲಿನ ರಾಶಿ ಗೋಡೆಗೆ ಒರಗಿಸಬೇಡಿ, ಹದಿನೈದು ಅಡಿ ಆಚೆ, ನೆಲದಿಂದ ಒಂದಡಿ ಮೇಲೆ ಅಟ್ಟ ಕಟ್ಟಿ ಇಡಿ. ಕಾಳನ್ನು ಮುಚ್ಚಳವಿರುವ ಡ್ರಮ್ಮಿಗೆ ಹಾಕಿ, ಇಲಿ ಇಲ್ಲದ ಮನೆಗೆ ನಾಗರಹಾವಿಗೆ ಕೆಲಸವಿಲ್ಲ. ಬೆಳ್ಳುಳ್ಳಿ ರಸ, ಫಿನಾಯಿಲ್, ಸೀಮೆಎಣ್ಣೆ, ಅಂಗಡಿಯಲ್ಲಿ ಮಾರುವ ಪುಡಿ ಯಾವುದಕ್ಕೂ ಹಾವು ಹೆದರಿ ದೂರ ಇರುವುದಿಲ್ಲ. ಅದರ ಮೈಮೇಲೆ ಫಿನಾಯಿಲ್ ಸುರಿದರೆ ಚರ್ಮ ಸುಟ್ಟು ನರಳುತ್ತದೆ, ಅಷ್ಟೇ. ಪಂಚಾಯ್ತಿ ಮಾಡಬೇಕಾದ್ದು ಬೀದಿದೀಪ, ಶಾಲೆ ಮತ್ತು ಅಂಗನವಾಡಿ ಸುತ್ತಲಿನ ಪಾರ್ಥೇನಿಯಂ ತೆಗೆಸುವುದು, ಮತ್ತು ನೀರಿಲ್ಲದೆ ಬೀಗ ಬಿದ್ದ ಶೌಚಾಲಯಕ್ಕೆ ನೀರು. ಮುಸ್ಸಂಜೆ ಚೊಂಬು ಹಿಡಿದು ಬೇಲಿ ಮರೆಗೆ ಹೋಗುವ ಹೆಂಗಸಿಗೆ ಆ ಕೊಳಾಯಿ ನೀರೇ ಹಾವಿನಿಂದ ರಕ್ಷಣೆ.

ಇನ್ನು ಆಸ್ಪತ್ರೆ. ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ಹಾವು ಕಡಿದವರು ಮೊದಲು ನಾಟಿ ಔಷಧಿಗೋ ಮಂತ್ರಕ್ಕೋ ಹೋಗುತ್ತಾರೆ ಎಂದು ವೈದ್ಯರು ಬೇಸರಪಡುತ್ತಾರೆ. ಅವರ ಬೇಸರ ನ್ಯಾಯವಾದದ್ದೇ. ಆದರೆ ನಾಟಿ ವೈದ್ಯರು ರಾತ್ರಿ ಎರಡಕ್ಕೂ ಬಾಗಿಲು ತೆಗೆಯುತ್ತಾರೆ, ಪಕ್ಕದ ಊರಲ್ಲೇ ಇರುತ್ತಾರೆ, ದುಡ್ಡು ಕೇಳುವುದಿಲ್ಲ. ಮಂತ್ರಕ್ಕೆ ಗುಣವಾಯಿತು ಎನ್ನುವುದಕ್ಕೂ ಕಾರಣ ಇದೆ. ಕಡಿದ ಹಾವುಗಳಲ್ಲಿ ವಿಷವಿಲ್ಲದವೇ ಹೆಚ್ಚು, ವಿಷದ ಹಾವೂ ಪ್ರತಿ ಸಲ ವಿಷ ಬಿಡುವುದಿಲ್ಲ. ಅಂಥವರು ಏನು ಮಾಡದಿದ್ದರೂ ಬದುಕುತ್ತಾರೆ, ಹೆಸರು ಬೇರಿಗೆ ಬರುತ್ತದೆ. ನಿಜವಾಗಿ ವಿಷ ಏರಿದವರಿಗೆ ಅಲ್ಲಿ ಕಳೆದುಹೋಗುವ ಎರಡು ಗಂಟೆಯೇ ಪ್ರಾಣ. ನಾಟಿ ವೈದ್ಯರನ್ನು ಬೈದು ಪ್ರಯೋಜನವಿಲ್ಲ. ತಾಲ್ಲೂಕಿಗೆ ಒಂದು ಸಭೆ ಕರೆದು ಅವರನ್ನು ಗೌರವದಿಂದ ಕೂರಿಸಿ, ರೆಪ್ಪೆ ಇಳಿಯುವುದು, ವಸಡಲ್ಲಿ ರಕ್ತ, ಮೂತ್ರ ಕೆಂಪಾಗುವುದು, ಊತ ಮೇಲೇರುವುದು ಇವನ್ನು ತೋರಿಸಿಕೊಟ್ಟು, ಬಂದವರನ್ನೆಲ್ಲ ಮೊದಲು 108ಕ್ಕೆ ಹತ್ತಿಸಿ ಎಂದು ಕೇಳಿಕೊಳ್ಳಿ. ಜನ ಅವರ ಮಾತು ಕೇಳುತ್ತಾರೆ.

108 ಹತ್ತಿಸಿದ ಮೇಲೆ ಎಲ್ಲಿಗೆ? ಹಾವಿನ ವಿಷಕ್ಕೆ ಇರುವ ಔಷಧ ಒಂದೇ, ಪ್ರತಿವಿಷದ ಚುಚ್ಚುಮದ್ದು. ಕುದುರೆಯ ರಕ್ತದಿಂದ ತಯಾರಾಗುವ ಇದು ಮೇಲೆ ಹೇಳಿದ ನಾಲ್ಕೂ ಹಾವಿನ ವಿಷಕ್ಕೆ ಒಟ್ಟಿಗೆ ಕೆಲಸ ಮಾಡುತ್ತದೆ. ಹೀಗಾಗಿ ಯಾವ ಹಾವು ಎಂದು ತಿಳಿಯಲು ಹಾವನ್ನು ಕೊಂದು ತರುವ ಅಗತ್ಯವೇ ಇಲ್ಲ. ಕತ್ತರಿಸಿದ ಹಾವಿನ ತಲೆ ಕೂಡ ಸ್ವಲ್ಪ ಹೊತ್ತು ಕಚ್ಚಬಲ್ಲದು, ಚೀಲದಲ್ಲಿ ತಂದವರೇ ಎರಡನೇ ರೋಗಿ ಆದಾರು.

ಒಬ್ಬರಿಗೆ ಮೊದಲ ಸುತ್ತಿಗೆ ಬೇಕಾಗುವುದು 10 ವೈಲ್, ಅಂದರೆ ಪ್ರತಿವಿಷದ ಹತ್ತು ಪುಟ್ಟ ಸೀಸೆ. ಚಿಕ್ಕ ಮಗುವಿಗೂ ಅಷ್ಟೇ, ಯಾಕೆಂದರೆ ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲ. ಪುಡಿ ರೂಪದ ಪ್ರತಿ ವೈಲಿಗೆ 10 ಮಿ.ಲೀ. ಶುದ್ಧೀಕರಿಸಿದ ನೀರು ಹಾಕಿ ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿ ಕರಗಿಸಬೇಕು. ಕುಲುಕಿದರೆ ನೊರೆ ಎದ್ದು ಔಷಧ ಹಾಳಾಗುತ್ತದೆ. ಹತ್ತು ವೈಲ್ ಕರಗಿಸಲು ಒಬ್ಬರೇ ನರ್ಸ್ ಇದ್ದರೆ ಸಮಯ ಹಿಡಿಯುತ್ತದೆ, ರಾತ್ರಿ ಪಾಳಿಗೆ ಎರಡನೇ ಕೈ ಬೇಕು ಎನ್ನುವುದು ಅದಕ್ಕೇ. ಸಲೈನಿಗೆ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ ರಕ್ತನಾಳಕ್ಕೆ ಹರಿಸಬೇಕು. ಕಡಿದ ಜಾಗಕ್ಕೆ ಚುಚ್ಚುವಂತಿಲ್ಲ. ಆರೋಗ್ಯ ಕೇಂದ್ರದಲ್ಲಿ ನಾಲ್ಕೈದು ವೈಲ್ ಇಟ್ಟುಕೊಂಡು ‘ಸ್ಟಾಕ್ ಇದೆ’ ಎಂದು ವರದಿ ಬರೆದರೆ ಅದು ಒಬ್ಬರಿಗೂ ಸಾಲುವ ಸ್ಟಾಕ್ ಅಲ್ಲ. ಕನಿಷ್ಠ 20 ಇರಬೇಕು, ಮಳೆಗಾಲದಲ್ಲಿ ಒಂದೇ ರಾತ್ರಿ ಇಬ್ಬರು ಬರುವುದುಂಟು.

ಔಷಧ ಇದ್ದೂ ಕೊಡದೆ ‘ದುರ್ಗಕ್ಕೆ ಹೋಗಿ’, ‘ದಾವಣಗೆರೆಗೆ ಹೋಗಿ’ ಎಂದು ಚೀಟಿ ಬರೆಯುವುದು ಇನ್ನೊಂದು ಸಮಸ್ಯೆ. ಇದಕ್ಕೆ ಕಾರಣ ಅಸಡ್ಡೆಯಲ್ಲ, ಭಯ. ಪ್ರತಿವಿಷಕ್ಕೆ ಕೆಲವರಿಗೆ ಮೈ ತುಂಬ ದದ್ದು, ಉಬ್ಬಸ, ರಕ್ತದೊತ್ತಡ ಕುಸಿತ ಆಗಬಹುದು. ಒಬ್ಬರೇ ಇರುವ ಯುವ ವೈದ್ಯರಿಗೆ ಅದನ್ನು ಎದುರಿಸುವ ಧೈರ್ಯ ತರಬೇತಿಯಿಂದಲೇ ಬರಬೇಕು. ಔಷಧ ಹರಿಸುವ ಮೊದಲೇ, ಅಂಥ ರಿಯಾಕ್ಷನ್ ತಗ್ಗಿಸುವ ಅಡ್ರಿನಾಲಿನ್ ಮದ್ದನ್ನು ಸಿರಿಂಜಿಗೆ ತುಂಬಿ ಪಕ್ಕದಲ್ಲಿಟ್ಟುಕೊಂಡಿರಬೇಕು. ರಿಯಾಕ್ಷನ್ ಕಂಡ ಕೂಡಲೇ ದೊಡ್ಡವರಿಗೆ ಅರ್ಧ ಮಿಲಿಗ್ರಾಂ ತೊಡೆಯ ಹೊರಭಾಗದ ಸ್ನಾಯುವಿಗೆ, ಹನಿ ನಿಲ್ಲಿಸಿ, ಸುಧಾರಿಸಿದ ಮೇಲೆ ಮತ್ತೆ ನಿಧಾನವಾಗಿ ಹರಿಸುವುದು. ಮೊದಲು ಚರ್ಮಕ್ಕೆ ಚುಚ್ಚಿ ನೋಡುವ ಟೆಸ್ಟ್ ಡೋಸ್‌ನಿಂದ ರಿಯಾಕ್ಷನ್ ಮುಂಚಿತವಾಗಿ ತಿಳಿಯುವುದಿಲ್ಲ, ಹೊತ್ತು ಮಾತ್ರ ಹೋಗುತ್ತದೆ. ವಿಷದ ಲಕ್ಷಣ ಕಂಡವರಿಗೆ ಮೊದಲ ಹತ್ತು ವೈಲ್ ಹಾಕದೆ ರೆಫರ್ ಮಾಡುವಂತಿಲ್ಲ ಎಂದು ಆದೇಶ ಮಾಡಿ, ಆದರೆ ಆದೇಶಕ್ಕೆ ಮುಂಚೆ ತರಬೇತಿ ಕೊಡಿ. ಜಿಲ್ಲಾ ಆಸ್ಪತ್ರೆಯ ಒಬ್ಬ ಹಿರಿಯ ವೈದ್ಯರು ರಾತ್ರಿಯೆಲ್ಲ ಫೋನಿಗೆ ಸಿಗುವ ವ್ಯವಸ್ಥೆ ಮಾಡಿದರೆ ಆ ಭಯದ ಮುಕ್ಕಾಲು ಪಾಲು ಹೋಗುತ್ತದೆ.

ಲಕ್ಷಣ ಇದೆಯೋ ಇಲ್ಲವೋ ತಿಳಿಯಲು ದೊಡ್ಡ ಲ್ಯಾಬ್ ಬೇಡ. ಮಂಡಲದ ಹಾವುಗಳ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಹೊಸ, ಒಣಗಿದ, ಸ್ವಚ್ಛ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ತೆಗೆದುಕೊಳ್ಳಬೇಕು. ಹಾಸಿಗೆಯ ಪಕ್ಕದ ಮೇಜಿನ ಮೇಲೆ ನಿಲ್ಲಿಸಿ 20 ನಿಮಿಷ ಮುಟ್ಟಬಾರದು, ಎತ್ತಿ ನೋಡಬಾರದು. ಗಡಿಯಾರ ನೋಡಿ ಒಂದೇ ಸಲ ಓರೆ ಮಾಡಬೇಕು. ಮುದ್ದೆಯಾಗಿ ತಳದಲ್ಲೇ ನಿಂತರೆ ಸದ್ಯಕ್ಕೆ ಪರವಾಗಿಲ್ಲ. ನೀರಿನ ಹಾಗೆ ಹರಿದರೆ ವಿಷ ಏರಿದೆ, ಪ್ರತಿವಿಷ ಶುರು ಮಾಡಬೇಕು. ಇಷ್ಟು ಸರಳವಾದ ಪರೀಕ್ಷೆ ತಪ್ಪುವುದು ಟ್ಯೂಬಿನಿಂದ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಅಥವಾ ಸಿರಿಂಜಿನಲ್ಲೇ ಬಿಟ್ಟ ರಕ್ತ ಚೆನ್ನಾಗಿರುವವರದೂ ಹೊತ್ತಿಗೆ ಹೆಪ್ಪುಗಟ್ಟುವುದಿಲ್ಲ. ಸೋಪಿನ ಪುಡಿಯಲ್ಲಿ ತೊಳೆದ ಗಾಜೂ ಹಾಗೆಯೇ, ಹೆಪ್ಪುಗಟ್ಟುವಿಕೆ ಶುರುವಾಗಲು ಬೇಕಾದ ಗಾಜಿನ ಮೇಲ್ಮೈಯನ್ನು ಸೋಪು ಕೆಡಿಸಿರುತ್ತದೆ. ಪರಿಣಾಮವಾಗಿ ಬೇಡದವರಿಗೆ ಔಷಧ ಹೋಗುತ್ತದೆ, ಬೇಕಾದವರಿಗೆ ಕಡಿಮೆಯಾಗುತ್ತದೆ. ಆರೋಗ್ಯ ಕೇಂದ್ರಕ್ಕೆ ಒಂದು ಡಬ್ಬಿ ಹೊಸ ಗಾಜಿನ ಟ್ಯೂಬು ಎಷ್ಟು ಖರ್ಚಿನ ಮಾತು? ಮೊದಲ ಸಲ ಹೆಪ್ಪುಗಟ್ಟಿತು ಎಂದು ಮನೆಗೆ ಕಳಿಸಲೂಬಾರದು. ಮತ್ತೆ ಮತ್ತೆ ಪರೀಕ್ಷಿಸುತ್ತ 24 ಗಂಟೆ ಇಟ್ಟುಕೊಳ್ಳಬೇಕು. ಪ್ರತಿವಿಷ ಕೊಟ್ಟ ಮೇಲೆ ಮರುಪರೀಕ್ಷೆ ಆರು ಗಂಟೆ ಬಿಟ್ಟು, ಏಕೆಂದರೆ ಲಿವರ್ ಹೊಸದಾಗಿ ಹೆಪ್ಪು ಅಂಶ ತಯಾರಿಸಲು ಅಷ್ಟು ಸಮಯ ಬೇಕು. ಕೊಳಕುಮಂಡಲದ ಕಡಿತದಲ್ಲಿ ಮೂತ್ರದ ಅಳತೆ ಬರೆದಿಡಿ, ತಡವಾಗಿ ಬಂದವರ ಕಿಡ್ನಿ ಕೈಕೊಡುವುದು ಹೆಚ್ಚು, ಡಯಾಲಿಸಿಸ್ ಇರುವ ಕಡೆಗೆ ಬೇಗ ಕಳಿಸಬೇಕಾಗುತ್ತದೆ.

ನಾಗರಹಾವು, ಕಟ್ಟುಹಾವಿನ ವಿಷಕ್ಕೆ ಈ ಟ್ಯೂಬು ಉತ್ತರ ಹೇಳುವುದಿಲ್ಲ. ಅಲ್ಲಿ ನೋಡಬೇಕಾದ್ದು ರೆಪ್ಪೆ, ನುಂಗುವಿಕೆ, ಉಸಿರು. ಉಸಿರು ಸೋಲುವಾಗ ಬೇಕಾದ್ದು ಕೈಯಿಂದ ಒತ್ತಿ ಗಾಳಿ ತುಂಬುವ ಆಂಬು ಬ್ಯಾಗು ಮತ್ತು ಅದನ್ನು ಬಿಡದೆ ಒತ್ತುವ ಕೈ. ವೆಂಟಿಲೇಟರ್ ಇರುವ ಆಸ್ಪತ್ರೆ ಮುಟ್ಟುವವರೆಗೆ ಒತ್ತಿಕೊಂಡೇ ಹೋದರೆ ಮನುಷ್ಯ ಉಳಿಯುತ್ತಾನೆ. ಕಟ್ಟುಹಾವಿನ ಕಡಿತದವರು ದಿನಗಟ್ಟಲೆ ಕೃತಕ ಉಸಿರಾಟದ ಮೇಲಿದ್ದು ಎದ್ದು ನಡೆದುಹೋಗುತ್ತಾರೆ. ಕಣ್ಣು ತೆರೆಯದ, ಅಲುಗಾಡದ ಆ ಸ್ಥಿತಿ ನೋಡಿ ಸತ್ತರೆಂದು ಕೈಬಿಡಬಾರದು.

ಊರಿನವರು ಮಾಡಬೇಕಾದ್ದನ್ನು ಕಸದ ಗಾಡಿಯ ಮೈಕಿನಲ್ಲಿ ದಿನಾ ಬೆಳಿಗ್ಗೆ ಹೇಳಿಸಿ. ಕಡಿದವರನ್ನು ನಡೆಸಬೇಡಿ, ಓಡಿಸಬೇಡಿ. ಉಂಗುರ, ಬಳೆ, ಕಾಲುಂಗುರ, ಕಡಗ ಕೂಡಲೇ ತೆಗೆಯಿರಿ, ಊತ ಬಂದ ಮೇಲೆ ತೆಗೆಯಲು ಆಗುವುದಿಲ್ಲ. ಮೂಳೆ ಮುರಿದಾಗ ಕಟ್ಟುವ ಹಾಗೆ ದಬ್ಬೆಯಿಟ್ಟು ಕೈಕಾಲು ಅಲುಗದಂತೆ ಸಡಿಲವಾಗಿ ಕಟ್ಟಿ. ಹಗ್ಗದಿಂದ ಬಿಗಿಯಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಐಸ್ ಇಡಬೇಡಿ. ಬಿಗಿದ ಕಾಲು ಕೊಳೆತು ಕತ್ತರಿಸಬೇಕಾದೀತು. ಬಿಗಿದೇ ಬಿಟ್ಟಿದ್ದರೆ ದಾರಿಯಲ್ಲಿ ಬಿಚ್ಚದೆ ಹಾಗೇ ಕರೆತನ್ನಿ, ಪ್ರತಿವಿಷ ಸಿದ್ಧಮಾಡಿಕೊಂಡು ವೈದ್ಯರು ಬಿಚ್ಚುತ್ತಾರೆ. ವಾಂತಿ ಬರುವವರನ್ನು ಎಡಮಗ್ಗುಲಿಗೆ ಮಲಗಿಸಿ. 108 ಬರುವುದು ತಡವಾಗುವುದಾದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಡಿ, ಕಡಿದ ಸಮಯ ನೆನಪಿಟ್ಟುಕೊಳ್ಳಿ.

ಅರಣ್ಯ ಇಲಾಖೆಯವರಿಗೂ ಎರಡು ಮಾತು. ಕಾಲೊನಿಯಲ್ಲಿ ಹಿಡಿದ ಹಾವನ್ನೆಲ್ಲ ಚೀಲ ಕಟ್ಟಿ ಜೋಗಿಮಟ್ಟಿ ಕಾಡಿಗೆ ಬಿಡುವುದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಬಿಲ ಎಲ್ಲಿ, ನೀರು ಎಲ್ಲಿ ಎಂದು ತಿಳಿಯದೆ ಅದು ಅಲೆಯುತ್ತದೆ, ಸಾಯುತ್ತದೆ, ಇಲ್ಲವೇ ಬೇರೊಬ್ಬರ ಮನೆ ಹೊಕ್ಕುತ್ತದೆ. ಹಿಡಿದ ಜಾಗದ ಹತ್ತಿರವೇ, ಮನೆಗಳಿಂದ ಆಚೆಗಿನ ಹಳ್ಳ, ಪೊದೆಯಲ್ಲಿ ಬಿಡಬೇಕು. ಹಿಡಿಯುವ ಹುಡುಗರಿಗೆ ಬೇಕಾದ್ದು ಕೊಕ್ಕೆ ಕೋಲು, ಮೂರಿಂಚಿನ ಪಿವಿಸಿ ಪೈಪು, ಅದರ ಹಿಂದೆ ಬಿಗಿದ ದಪ್ಪ ಬಟ್ಟೆಯ ಚೀಲ. ಪೈಪಿನ ಕತ್ತಲ ಬಾಯಿ ಎದುರಿಟ್ಟರೆ ಹಾವು ಬಿಲ ಎಂದುಕೊಂಡು ತಾನೇ ಒಳಗೆ ಹೋಗುತ್ತದೆ, ಕೈ ಮುಟ್ಟಬೇಕಾಗುವುದೇ ಇಲ್ಲ. ಬಾಲ ಹಿಡಿದೆತ್ತಿ ವಿಡಿಯೊ ಮಾಡಿಸಿಕೊಳ್ಳುವವರಿಗೆ ಗುರುತಿನ ಚೀಟಿ ಕೊಡಬೇಡಿ. ನಾಗರಹಾವು, ಕೊಳಕುಮಂಡಲ, ಕೇರೆ ಎಲ್ಲಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಕೇರೆಯನ್ನು ನಾಗರದ ಗಂಡು ಎಂದು ಕೊಲ್ಲುವ ನಂಬಿಕೆ ಹೋಗಲಾಡಿಸಿದರೆ ಹೊಲದ ಇಲಿಯ ಕಾಟವೂ ಕಡಿಮೆಯಾದೀತು.

ಕೋಟೆ, ಚಂದ್ರವಳ್ಳಿ, ಆಡುಮಲ್ಲೇಶ್ವರ, ಜೋಗಿಮಟ್ಟಿಯ ದಾರಿಗಳಲ್ಲಿ ನಸುಕಿನ ವಾಕಿಂಗ್‌ನವರು, ಶಾಲಾ ಪ್ರವಾಸದ ಮಕ್ಕಳು ಓಡಾಡುತ್ತಾರೆ. ಗುಡ್ಡವನ್ನೆಲ್ಲ ಬೋಳಿಸುವುದು ಬೇಡ. ಮೆಟ್ಟಿಲು, ಕಾಲುದಾರಿಯ ಎರಡೂ ಬದಿ ಮೂರಡಿ ಹುಲ್ಲು ತೆಗೆಸಿದರೆ ಸಾಕು, ಹಾವೂ ಕಾಣುತ್ತದೆ, ಕಾಲೂ ಕಾಣುತ್ತದೆ. ಬಂಡೆ ಸಂದಿಗೆ ಕೈ ಹಾಕಬೇಡಿ, ಕಲ್ಲು ಮಗುಚಬೇಡಿ, ಕೂರುವ ಮೊದಲು ಕಲ್ಲಿನ ಹಿಂಬದಿ ನೋಡಿ ಎಂಬ ಬೋರ್ಡು ಬೇಕು, ಅದರ ಕೆಳಗೆ ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆಯ ಹೆಸರು ಬೇಕು.

ಇಷ್ಟೆಲ್ಲ ಆದರೂ ಕೆಲವು ಮನೆಗಳಲ್ಲಿ ಸಾವು ಆಗುತ್ತದೆ. ರೈತ ಹಾವು ಕಡಿದು ಸತ್ತರೆ ಕೃಷಿ ಇಲಾಖೆಯಿಂದ 2 ಲಕ್ಷ ರೂಪಾಯಿ ಪರಿಹಾರ ಇದೆ. ಮರಣೋತ್ತರ ಪರೀಕ್ಷೆ ಮಾಡಿಸದೆ ಮಣ್ಣು ಮಾಡಿದ ಮನೆಯವರಿಗೆ ಅದು ಕೈಗೆ ಸಿಗುವುದು ಕಷ್ಟ. ಆ ಹೊತ್ತಿನಲ್ಲಿ ಅವರಿಗೆ ಇದು ಹೊಳೆಯುವುದಿಲ್ಲ, ಗ್ರಾಮ ಆಡಳಿತಾಧಿಕಾರಿಯೇ ಹೋಗಿ ಹೇಳಬೇಕು. ಮರಣೋತ್ತರ ಪರೀಕ್ಷೆ ಆಗದ ಸಾವು ಸರ್ಕಾರದ ಲೆಕ್ಕಕ್ಕೂ ಬರುವುದಿಲ್ಲ, ಲೆಕ್ಕಕ್ಕೆ ಬಾರದ ಹೋಬಳಿಗೆ ಮುಂದಿನ ವರ್ಷ ವೈಲೂ ಬರುವುದಿಲ್ಲ. ಖಾಸಗಿ ಆಸ್ಪತ್ರೆಗಳೂ ಸೇರಿ ಎಲ್ಲರ ವರದಿಯನ್ನು ತಾಲ್ಲೂಕುವಾರು ಪ್ರತಿ ತಿಂಗಳು ಪ್ರಕಟಿಸಿ: ಎಷ್ಟು ಕಡಿತ, ಎಷ್ಟು ಗಂಟೆಗೆ, ಎಲ್ಲಿ, ಕಡಿತದಿಂದ ಮೊದಲ ವೈಲ್‌ವರೆಗೆ ಎಷ್ಟು ನಿಮಿಷ.

ಭರಣಿ ಮಳೆ ಬೀಳುವುದರೊಳಗೆ ಒಂದು ಕೆಲಸವಂತೂ ಆಗಬಹುದು, ಅದಕ್ಕೆ ಹೊಸ ಅನುದಾನವೂ ಬೇಕಿಲ್ಲ. ಆರೂ ತಾಲ್ಲೂಕಿನ ಪ್ರತಿ ಆರೋಗ್ಯ ಕೇಂದ್ರದ ಗೇಟಿನ ಹೊರಗೆ, ಬೀಗ ಹಾಕಿದ್ದರೂ ಓದಲು ಬರುವಂತೆ, ದೀಪದ ಕೆಳಗೆ ಒಂದು ಕಪ್ಪು ಹಲಗೆ ಹಾಕಿಸಿ. ಇವತ್ತು ರಾತ್ರಿ ಇಲ್ಲಿ ಎಷ್ಟು ವೈಲ್ ಇದೆ, ಡ್ಯೂಟಿಯಲ್ಲಿ ಯಾರಿದ್ದಾರೆ, ಇಲ್ಲದಿದ್ದರೆ ಬಾಗಿಲು ತೆಗೆದಿರುವ ಹತ್ತಿರದ ಆಸ್ಪತ್ರೆ ಯಾವುದು, ಎಷ್ಟು ಕಿಲೋಮೀಟರ್. ದಿನಾ ಸಂಜೆ ಐದು ಗಂಟೆಗೆ ಸೀಮೆಸುಣ್ಣದಲ್ಲಿ ಬರೆಸಿ, ಬರೆದವರ ಸಹಿ ಇರಲಿ.

ಇಂತಿ ತಮ್ಮ ವಿಶ್ವಾಸಿಗಳು,
ಹಾವು ಮತ್ತು ಹಾವು ಕಡಿತದ ಕೆಲಸದಲ್ಲಿ ತೊಡಗಿರುವವರು,
ಚಿತ್ರದುರ್ಗ ಜಿಲ್ಲೆ